ನೆನಪನ್ನು ಮಾರಹೋದುದು

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಹೊರಗಿನವರು ಬೇರೆ ಬೇರೆ ಊರುಗಳೆಂದು ಎಣಿಸಬಹುದು; ನಮಗಾದರೋ ಅವು ಒಂದೇ ಮನೆಯ ಮೂರು ಅಂಕಣಗಳು. ಒಂದೇ ಬಗೆಯ ಕಾಡು, ಒಂದೇ ಬಗೆಯ ಕಣಿವೆಯ ತೋಟ, ಒಂದೇ ಬಗೆಯ ಅಡಿಕೆ. 2019ರಲ್ಲಿ ‘ಶಿರಸಿ ಅಡಿಕೆ’ಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಈ ಮೂರೂ ತಾಲೂಕುಗಳ ಬೆಳೆಯು ಆ ಒಂದೇ ಹೆಸರಿನೊಳಗೆ ಸೇರಿತು. ಹೆಸರು ಒಂದಾದ ಮೇಲೆ ಹೊಣೆಯೂ ಒಂದಾಯಿತು. ಒಬ್ಬನು ಮೂಟೆಯಲ್ಲಿ ಕಲಬೆರಕೆ ಮಾಡಿದರೆ ಕೆಡುವುದು ಅವನೊಬ್ಬನ ಹೆಸರಲ್ಲ. ಈ ಮಾತನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ಕಳೆದ ಮಾಘಮಾಸದಲ್ಲಿ, ಅಂದರೆ 2026ರ ಜನವರಿಯ ಕೊನೆಯಲ್ಲಿ, ನಾವು ಈ ಮೂರೂ ಪೇಟೆಗಳನ್ನು ತಿರುಗಿದೆವು. ಆದರೆ ಮಾರಲು ಒಯ್ದ ಸರಕು ಅಡಿಕೆಯಲ್ಲ, ಮೆಣಸಲ್ಲ, ಏಲಕ್ಕಿಯೂ ಅಲ್ಲ, ಗಣಕಯಂತ್ರದ ನೆನಪು!

ವಾಚಕರು ನಗುವ ಮೊದಲು ಸಂದರ್ಭವನ್ನು ಬಿನ್ನವಿಸುತ್ತೇವೆ. ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು. ಸಾಯಂಕಾಲದಲ್ಲಿ ಸುತ್ತಣ ಹಳ್ಳಿಗಳ ಎಂಟು ಹತ್ತು ಮಕ್ಕಳಿಗೆ ಗಣಕಯಂತ್ರದ ಮೂಲಕ ಅಮರಕೋಶವನ್ನು ಹೇಳಿಕೊಡುವುದು ನಮ್ಮ ಈಗಿನ ನಿತ್ಯಕರ್ಮ. ಆ ಯಂತ್ರವು ನಮ್ಮ ಚಿರಂಜೀವಿಯು ಕೆಲವು ವರ್ಷಗಳ ಹಿಂದೆ ತನ್ನ ಕೆಲಸಕ್ಕೆಂದು ಕೊಂಡು, ಪರದೇಶಕ್ಕೆ ಹೋಗುವಾಗ ಮನೆಯಲ್ಲಿ ಬಿಟ್ಟುಹೋದುದು. 2025ರ ಅಕ್ಟೋಬರ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಇಂಟೆಲ್ಲಿನ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರನ್ನು ಅಪೇಕ್ಷಿಸುವುದು. ನಮ್ಮದು ಏಳನೆಯ ತಲೆಮಾರಿನದು. ಹೀಗೆ ಒಂದೇ ಮೆಟ್ಟಿಲಿನ ಅಂತರದಲ್ಲಿ ನಮ್ಮ ಯಂತ್ರವು ಹೊರಗುಳಿಯಿತು. ಮಗನಿಗೆ ಹೇಳಿದ್ದರೆ ಮರುದಿನವೇ ಹಣ ಬರುತ್ತಿತ್ತು. ಆದರೆ ನಮ್ಮ ಪಾಠಕ್ಕೆ ನಾವೇ ದಾರಿ ಕಂಡುಕೊಳ್ಳಬೇಕೆಂಬ ಹಟ ನಮ್ಮದು.

ಯಲ್ಲಾಪುರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರಗಳ ರಿಪೇರಿ ಅಂಗಡಿಯನ್ನಿಟ್ಟಿದ್ದಾನೆ. ಅವನು ದೂರವಾಣಿಯಲ್ಲಿ ಒಂದು ಉಪಾಯವನ್ನು ಹೇಳಿದನು. ಪೆಟ್ಟಿಗೆ, ಪರದೆ, ಡಿಸ್ಕು ಹಳೆಯವೇ ಇರಲಿ. ಹನ್ನೆರಡನೆಯ ತಲೆಮಾರಿನ ಪ್ರೊಸೆಸರನ್ನೂ ಅದಕ್ಕೆ ತಕ್ಕ ಮದರ್‌ಬೋರ್ಡನ್ನೂ ಮಾತ್ರ ಹೊಸದಾಗಿ ಹಾಕಿದರೆ ಸಾಕು. ಎರಡಕ್ಕೂ ಸೇರಿ ಹದಿನೈದು ಸಾವಿರದ ಐದುನೂರು ರೂಪಾಯಿ. ಹಳೆಯ ರ್ಯಾಮ್ ಪಟ್ಟಿಗಳೇ ಹೊಸ ಬೋರ್ಡಿಗೂ ಒಪ್ಪುತ್ತವೆ. ಆದರೆ ನಮ್ಮಲ್ಲಿದ್ದ ಪಟ್ಟಿಗಳು ನಾಲ್ಕು, ಪ್ರತಿಯೊಂದೂ 8 ಜಿಬಿಯದು. ಹೊಸ ಬೋರ್ಡಿನಲ್ಲಿರುವ ತೊಟ್ಟಿಗಳು ಎರಡೇ. “ಉಳಿದೆರಡನ್ನು ಮಾರಿಬಿಡಿ ಸರ್, ಈಗ ಅದಕ್ಕೆ ಒಳ್ಳೆಯ ರೇಟು ಇದೆ. ಹಳೆಯ ಬೋರ್ಡು, ಪ್ರೊಸೆಸರುಗಳನ್ನು ಆರೂವರೆ ಸಾವಿರಕ್ಕೆ ನಾನೇ ತೆಗೆದುಕೊಳ್ಳುತ್ತೇನೆ” ಎಂದನು.

ರ್ಯಾಮ್ ಎಂಬುದನ್ನು ಕಾಣದವರಿಗಾಗಿ ಎರಡು ಮಾತು. ಅದು ಗೇಣುದ್ದವೂ ಇಲ್ಲದ, ಬಾಚಣಿಗೆಯಂತಹ ಒಂದು ತೆಳುವಾದ ಪಟ್ಟಿ. ಮೈಮೇಲೆ ಕರಿಯ ಚಿಪ್ಪುಗಳು, ಒಂದು ಅಂಚಿಗೆ ಚಿನ್ನದ ಲೇಪವುಳ್ಳ ಹಲ್ಲುಗಳು. ಯಂತ್ರವು ಕೆಲಸ ಮಾಡುತ್ತಿರುವಾಗ ಬೇಕಾದುದನ್ನೆಲ್ಲ ಅದು ಕ್ಷಣಮಾತ್ರ ನೆನಪಿಡುತ್ತದೆ. 8 ಜಿಬಿಯ ಒಂದು ಪಟ್ಟಿಯಲ್ಲಿ ಸುಮಾರು 6,872 ಕೋಟಿ ಸೂಕ್ಷ್ಮ ಕೋಣೆಗಳಿರುತ್ತವೆ. ಒಂದೊಂದರಲ್ಲಿ ವಿದ್ಯುತ್ತಿನ ಒಂದು ಹನಿ ಇದ್ದರೆ ‘ಒಂದು’, ಇಲ್ಲದಿದ್ದರೆ ‘ಸೊನ್ನೆ’. ಈ ಹನಿಯು ಸೋರಿಹೋಗುವ ಸ್ವಭಾವದ್ದಾದ ಕಾರಣ, ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡುಗಳೊಳಗೆ ಅದನ್ನು ಪುನಃ ತುಂಬುತ್ತಿರಬೇಕು. ಒಂದು ಕೋಣೆಗೆ ಒಂದೇ ಟ್ರಾನ್ಸಿಸ್ಟರು ಸಾಕಾಗುವ ಈ ರಚನೆಗೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡರು 1968ರಲ್ಲಿ ಪೇಟೆಂಟು ಪಡೆದರು. ವಿದ್ಯುತ್ತು ತಪ್ಪಿತೋ, ಪಟ್ಟಿಯು ಎಲ್ಲವನ್ನೂ ಮರೆತುಬಿಡುತ್ತದೆ. ಆದುದರಿಂದ ಗೃಹಸ್ಥರು ರ್ಯಾಮನ್ನು ಮಾರಿದರೆ ಮನೆಯ ಗುಟ್ಟು ಅದರೊಡನೆ ಹೋಗುವುದೆಂಬ ಭಯವಿಲ್ಲ. ಡಿಸ್ಕಿನ ಮಾತು ಹಾಗಲ್ಲ. ಅದು ಮರೆಯುವುದಿಲ್ಲ, ಸಂಪೂರ್ಣವಾಗಿ ಅಳಿಸದೆ ಅದನ್ನು ಪರರ ಕೈಗೆ ಕೊಡಲಾಗದು.

ಇನ್ನು ಹಳೆಯ ಪಟ್ಟಿಗೆ ಬೆಲೆ ಬಂದ ಬಗೆ. ಕೃತಕ ಬುದ್ಧಿಮತ್ತೆಯ ಮಹಾಯಂತ್ರಾಗಾರಗಳು ದೇಶದೇಶಗಳಲ್ಲಿ ಏಳುತ್ತಿವೆ. ಅವುಗಳಿಗೆ ಬೇಕಾದ ನೆನಪಿನ ಚಿಪ್ಪುಗಳಿಗೆ ಮಿತಿಯಿಲ್ಲ. ಲೋಕದ ರ್ಯಾಮ್ ಚಿಪ್ಪುಗಳಲ್ಲಿ ಬಹುಭಾಗವನ್ನು ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. ಅವರು ಹೆಚ್ಚು ಲಾಭದ ಆ ಕಡೆಗೆ ತಿರುಗಿದೊಡನೆ ಮನೆಬಳಕೆಯ ಸರಕು ಕಡಮೆಯಾಯಿತು. ಮೈಕ್ರಾನ್ ಕಂಪೆನಿಯಂತೂ ಗೃಹಸ್ಥರಿಗೆ ಬಿಡಿಯಾಗಿ ಮಾರುತ್ತಿದ್ದ ‘ಕ್ರೂಷಿಯಲ್’ ಮುದ್ರೆಯ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ 3ರಂದು ಸಾರಿತು. ಹೊಸದು ದುರ್ಲಭವಾದಾಗ ಹಳೆಯದಕ್ಕೆ ಮರ್ಯಾದೆ ಬರುವುದು ಲೋಕರೂಢಿ. ಅಡಿಕೆಯ ಧಾರಣೆಯನ್ನು ದೂರದ ಊರುಗಳ ವರ್ತಕರು ಏರಿಸಿ ಇಳಿಸುವುದನ್ನು ಕಂಡ ನಮ್ಮ ಸೀಮೆಯವರಿಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆಂದು ಯಾವ ಪಟ್ಟಿಯಾದರೂ ಎಲ್ಲಿಯಾದರೂ ಸಲ್ಲುವುದಿಲ್ಲ. ಶಿರಸಿಯ ಪೇಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಎಂದು ಅಡಿಕೆಗೆ ಬೇರೆ ಬೇರೆ ದರ್ಜೆಗಳಿರುವಂತೆ ರ್ಯಾಮಿಗೂ ದರ್ಜೆಗಳುಂಟು. ಡಿಡಿಆರ್-3 ಎಂಬುದು ಹಳೆಯದು, ಅದಕ್ಕೆ 240 ಹಲ್ಲುಗಳು. 2014ರ ಹೊತ್ತಿಗೆ ಬಳಕೆಗೆ ಬಂದ ಡಿಡಿಆರ್-4ಕ್ಕೆ 288. ಈಗಿನ ಡಿಡಿಆರ್-5ಕ್ಕೂ 288ರಷ್ಟೇ ಇದ್ದರೂ, ನಡುವಣ ಕಚ್ಚಿನ ಸ್ಥಾನ ಬೇರೆಯಾದುದರಿಂದ ಒಂದರ ತೊಟ್ಟಿಯಲ್ಲಿ ಇನ್ನೊಂದು ಕೂರದು. ಲ್ಯಾಪ್‌ಟಾಪಿನ ಪಟ್ಟಿಯು ಗಿಡ್ಡ, ಮೇಜಿನ ಯಂತ್ರದ್ದು ಉದ್ದ. ಮಾರುವವನು ಮೈಮೇಲಣ ಚೀಟಿಯನ್ನು ಓದಿ ದರ್ಜೆ, ಅಳತೆ, ವೇಗ ಈ ಮೂರನ್ನೂ ಕಾಗದದಲ್ಲಿ ಬರೆದುಕೊಂಡೇ ಹೊರಡತಕ್ಕದ್ದು. ಪಟ್ಟಿಯನ್ನು ಅಂಚು ಹಿಡಿದೇ ಎತ್ತಬೇಕು, ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕು. ಚಳಿಗಾಲದ ಒಣಹವೆಯಲ್ಲಿ ನಮ್ಮ ಮೈಯಲ್ಲಿ ಸೇರಿದ ವಿದ್ಯುತ್ತೇ ಆ ಚಿಪ್ಪುಗಳನ್ನು ಸುಡಬಲ್ಲದು.

ಮೊದಲನೆಯ ಯಾತ್ರೆ ಶಿರಸಿಯ ಪೇಟೆಗೆ. ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಗಳಿಗೊಮ್ಮೆ ಬರುವುದಷ್ಟೆ. ಅದು ಸಮೀಪಿಸಿದ್ದರಿಂದ ಪೇಟೆಯಲ್ಲಿ ಎಲ್ಲರ ಬಾಯಲ್ಲಿಯೂ ಜಾತ್ರೆಯದೇ ಮಾತು. ಒಂದು ಅಂಗಡಿಯ ತರುಣನು ಪಟ್ಟಿಗಳನ್ನು ಕೈಗೆ ತೆಗೆದುಕೊಳ್ಳದೆಯೇ, “ಹಳೆಯ ಮಾಲು ಮಾಸ್ತರೇ, ಒಂದಕ್ಕೆ ಎಂಟುನೂರು” ಎಂದನು. ಎರಡನೆಯ ಅಂಗಡಿಯಾತನು ಚೀಟಿಯನ್ನು ಓದಿ, “ಎರಡು ಸಾವಿರದ ಆರುನೂರರಂತೆ ಕೊಡುತ್ತೇನೆ, ವರ್ಷದ ಹಿಂದೆ ಬಂದಿದ್ದರೆ ಇದಕ್ಕೆ ಸಾವಿರವೂ ಸಿಗುತ್ತಿರಲಿಲ್ಲ” ಎಂದನು. ಎರಡು ಬಾಗಿಲುಗಳ ನಡುವೆ ನೂರು ಹೆಜ್ಜೆ ಅಂತರ, ಬೆಲೆಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು! ಇದೇ ಊರಿನಲ್ಲಿ 1923ರಲ್ಲಿ ತೋಟಗಾರರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಏಕೆ ಕಟ್ಟಿಕೊಂಡರೆಂಬುದು ಅಂದು ನಮಗೆ ಪಾಠಪುಸ್ತಕವಿಲ್ಲದೆಯೇ ಅರ್ಥವಾಯಿತು. ಬೆಲೆಯನ್ನರಿಯದ ಒಂಟಿ ಮಾರಾಟಗಾರನು ಮೊದಲ ಬಾಗಿಲಲ್ಲಿಯೇ ಸೋಲುತ್ತಾನೆ.

ನೆರೆಮನೆಯ ಹುಡುಗನು ನಮ್ಮ ಪಟ್ಟಿಗಳ ಚಿತ್ರ ತೆಗೆದು ದೂರವಾಣಿಯಲ್ಲಿ ಜಾಹೀರಾತನ್ನು ಕೊಟ್ಟನು. ಮೊದಲು ಮಾತಾಡಿದವನು ತಾನು ಸೈನ್ಯದಲ್ಲಿರುವವನೆಂದೂ, ಕೇಳಿದ ಹಣವನ್ನು ಚೌಕಾಶಿ ಇಲ್ಲದೆ ಕೊಡುವೆನೆಂದೂ ಹೇಳಿ, ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿ ಗುಪ್ತಸಂಖ್ಯೆಯನ್ನು ಒತ್ತಬೇಕೆಂದನು. ವಾಚಕರು ಇದನ್ನು ಚೆನ್ನಾಗಿ ನೆನಪಿಡಬೇಕು: ಯುಪಿಐಯಲ್ಲಿ ಗುಪ್ತಸಂಖ್ಯೆಯನ್ನು ಒತ್ತುವುದು ಹಣ ಕೊಡುವವನು, ಪಡೆಯುವವನಲ್ಲ. ನಾವು ಮಾತನ್ನು ಅಲ್ಲಿಗೇ ಮುಗಿಸಿದೆವು. ಅನಂತರ ಸಿದ್ದಾಪುರದಿಂದ ಬಿಸಿಎ ಓದುವ ಒಬ್ಬ ವಿದ್ಯಾರ್ಥಿನಿಯು ಮಾತಾಡಿದಳು. ಅವಳ ಹಳೆಯ ಯಂತ್ರದಲ್ಲಿದ್ದುದು 4 ಜಿಬಿಯ ಒಂದೇ ಪಟ್ಟಿ. ಪಾಠದ ಕೆಲಸಕ್ಕೆ ಅದು ಸಾಲದು. ಒಂದಕ್ಕೆ ಮೂರು ಸಾವಿರದಂತೆ ಎರಡನ್ನೂ ಕೊಳ್ಳುವುದಾಗಿ ಮಾತಾಯಿತು. ಲೆಕ್ಕ ಸರಿಹೋಯಿತು: ಆರು ಸಾವಿರ, ಆರೂವರೆ ಸಾವಿರ, ನಾವು ಪಿಂಚಣಿಯಲ್ಲಿ ತೆಗೆದಿಟ್ಟ ಮೂರು ಸಾವಿರ, ಕೂಡಿ ಹದಿನೈದು ಸಾವಿರದ ಐದುನೂರು.

ಹೊರಡುವ ಹಿಂದಣ ರಾತ್ರಿ, ಯಲ್ಲಾಪುರದ ಶಿಷ್ಯನು ಹೇಳಿಕೊಟ್ಟಂತೆ, ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ಪಟ್ಟಿಗಳಿಗೆ ಒಂದೊಂದಾಗಿ ನಡೆಸಿದೆವು. ಅದು ಪ್ರತಿಯೊಂದು ಕೋಣೆಯಲ್ಲಿಯೂ ಅಂಕಿಗಳನ್ನು ಬರೆದು, ಮರಳಿ ಓದಿ, ಬರೆದುದೂ ಓದಿದುದೂ ಒಂದೇ ಆಗಿದೆಯೇ ಎಂದು ನೋಡುವುದು; ಮಕ್ಕಳಿಂದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುವ ಕ್ರಮವೇ ಅದು. ಮೂರು ಪಟ್ಟಿಗಳು ತಪ್ಪಿಲ್ಲದೆ ಒಪ್ಪಿಸಿದವು. ನಾಲ್ಕನೆಯದು ಒಂದು ತಾಸಿನವರೆಗೆ ಚೆನ್ನಾಗಿಯೇ ನಡೆದು, ಅನಂತರ ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ತಪ್ಪಿತು. ಪರದೆಯ ಮೇಲೆ ಕೆಂಪು ಸಾಲುಗಳು ಮೂಡಿದವು. ಆ ಸ್ಥಳದ ವಿಳಾಸವನ್ನು ನಾವು ಪುಸ್ತಕದಲ್ಲಿ ಬರೆದುಕೊಂಡೆವು. ಹೊಸ ಬೋರ್ಡಿಗೆ ಎರಡು ನಿರ್ದೋಷ ಪಟ್ಟಿಗಳು ಬೇಕು. ಆದುದರಿಂದ ಮಾರಲು ಉಳಿದುದು ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಸತ್ಯವನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆ ರಾತ್ರಿ ಎರಡು ಗಂಟೆಗೆ ನಮ್ಮ ಮನಸ್ಸಿನಲ್ಲಿ ಬಂದ ಮೊದಲ ವಿಚಾರವು ಒಳ್ಳೆಯದಾಗಿರಲಿಲ್ಲ. ಈ ದೋಷವನ್ನು ಕಂಡವರು ಯಾರು? ಆ ಹುಡುಗಿಯು ಪಟ್ಟಿಯನ್ನು ಹಾಕಿ ನೋಡಿದರೆ ಯಂತ್ರವು ಏಳುತ್ತದೆ, 8 ಜಿಬಿ ಎಂದು ತೋರಿಸುತ್ತದೆ. ಎಂದೋ ಒಂದು ದಿನ ಅವಳ ಕೆಲಸವು ನಡುವೆ ನಿಂತರೆ ಅಥವಾ ಕಡತವು ಕೆಟ್ಟರೆ ಅವಳು ಯಂತ್ರವನ್ನು ಹಳಿಯುವಳೇ ಹೊರತು ನಮ್ಮನ್ನಲ್ಲ. ನೆನಪಿಲ್ಲದ ವಸ್ತುವು ಸಾಕ್ಷಿ ಹೇಳಲಾರದು.

ಬೆಳಗಿನಲ್ಲಿ ಈ ಸಂಗತಿಯನ್ನು ನಮ್ಮ ಗೃಹಿಣಿಗೆ ತಿಳಿಸಿದೆವು. ಆಕೆ ದೋಸೆಯನ್ನು ಮಗುಚುತ್ತ, “ರಾಶಿಯ ಚೀಲದ ತಳದಲ್ಲಿ ಗೋಟನ್ನು ತುಂಬಿದವರ ಮಾತನ್ನು ನನ್ನ ಅಪ್ಪಯ್ಯ ಯಾವಾಗಲೂ ಹೇಳುತ್ತಿದ್ದ. ಚೀಲ ಒಂದೇ ಸಲ ಹೋಗುತ್ತದೆ, ಹೆಸರು ಪ್ರತಿ ವರ್ಷ ಹೋಗಬೇಕು ಎನ್ನುತ್ತಿದ್ದ” ಎಂದಳು. ನಾವು ಉತ್ತರ ಕೊಡದೆ ಪುಸ್ತಕದ ಕಪಾಟಿನ ಬಳಿಗೆ ಹೋದೆವು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ದೋಷವುಳ್ಳ ಸರಕನ್ನು ನಿರ್ದೋಷವೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ವಿಧಿಸಿದೆ. ಅಲ್ಲಿಯೇ ಕೊಂಡವನು ಸರಕನ್ನು ಪರೀಕ್ಷಿಸಲು ಅವಧಿಗಳನ್ನೂ ಹೇಳಿದೆ: ಬೀಜಕ್ಕೆ ಹತ್ತು ದಿನ, ಲೋಹಕ್ಕೆ ಒಂದು, ಹೊರೆ ಹೊರುವ ಪಶುವಿಗೆ ಐದು, ಕರೆಯುವ ಪಶುವಿಗೆ ಮೂರು, ರತ್ನಕ್ಕೆ ಏಳು. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕರ್ನಾಟಕದವನೇ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಮೂವತ್ತು ವರ್ಷ ಸ್ಮೃತಿ ಎಂಬ ಶಬ್ದವನ್ನು ಮಕ್ಕಳಿಗೆ ವಿವರಿಸಿದ ನಾವು ಒಂದು ರಾತ್ರಿಯ ಮಟ್ಟಿಗೆ ಅದನ್ನು ಮರೆತಿದ್ದೆವು.

ಆ ದಿನವೇ ದಂಪತಿಗಳಿಬ್ಬರೂ ಸಿದ್ದಾಪುರದ ಬಸ್ಸನ್ನೇರಿದೆವು. ಗೃಹಿಣಿಯ ತವರು ಕಾನಸೂರಿನ ಕಡೆ. ಬರುವಾಗ ಅಲ್ಲಿ ಇಳಿಯಬಹುದೆಂಬುದು ಆಕೆಯ ಲೆಕ್ಕ. 2023ರ ಜೂನಿನಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣವು ಉಚಿತವಾದುದರಿಂದ, “ಈ ವ್ಯಾಪಾರದಲ್ಲಿ ನನ್ನಿಂದ ಖರ್ಚಿಲ್ಲ” ಎಂದು ಆಕೆ ನಕ್ಕಳು. ದಾರಿಯುದ್ದಕ್ಕೂ ಕಾಡು ಹಿಂದೆ ಸರಿದು ಕಣಿವೆಯ ತೋಟಗಳು ತೋರುತ್ತಿದ್ದವು; ಅಂಗಳಗಳಲ್ಲಿ ಚಾಲಿಯು ಬಿಸಿಲಿಗೆ ಹರಡಿತ್ತು. ನಮ್ಮ ಜೋಳಿಗೆಯಲ್ಲಿ ಎರಡು ಪಟ್ಟಿಗಳು. ಕೆಟ್ಟದರ ಮೇಲೆ ಶಾಯಿಯಿಂದ ‘ದೋಷವುಂಟು’ ಎಂದು ಬರೆದು ಅಂಟಿಸಿದ್ದೆವು. ಇನ್ನೊಮ್ಮೆ ಮನಸ್ಸು ಜಾರದಿರಲೆಂದೇ ಹಾಗೆ ಮಾಡಿದುದು.

ವಿದ್ಯಾರ್ಥಿನಿಯ ತಂದೆಯು ಸಿದ್ದಾಪುರದಲ್ಲಿ ಆಟೋ ಓಡಿಸುವವರು. ನಿಲ್ದಾಣಕ್ಕೆ ಬಂದು ನಮ್ಮನ್ನು ಕರೆದೊಯ್ದರು. ಬೆಲ್ಲ ನೀರು ಬಂದಿತು. ಕುಳಿತೊಡನೆಯೇ, “ತಂಗೀ, ಎರಡನ್ನು ಕೊಡುತ್ತೇನೆಂದು ಹೇಳಿದ್ದೆವು, ಒಂದನ್ನೇ ಕೊಡಬಲ್ಲೆವು” ಎಂದು ನಡೆದುದನ್ನೆಲ್ಲ ಹೇಳಿದೆವು. ತಂದೆಯವರು, “ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ ಮಾಸ್ತರೇ” ಎಂದರು. ಆ ಮಾತಿಗೆ ನಾವು ತಲೆಯೆತ್ತಲಾರದೆ ಹೋದೆವು. ಹಿಂದಣ ರಾತ್ರಿ ನಮ್ಮ ಮನಸ್ಸು ಆಡಿದ ಮಾತೇ ಅದಾಗಿತ್ತು. ಹುಡುಗಿಯು ಒಳ್ಳೆಯ ಪಟ್ಟಿಯನ್ನು ತನ್ನ ಯಂತ್ರದ ಖಾಲಿ ತೊಟ್ಟಿಯಲ್ಲಿ ಕೂರಿಸಿದಳು. ಹಳೆಯ 4, ಹೊಸ 8, ಕೂಡಿ 12 ಜಿಬಿ ಎಂದು ಪರದೆಯು ತೋರಿಸಿತು. ಅವಳು ಮೂರು ಸಾವಿರವನ್ನು ಕೊಟ್ಟಾಗ ನಾವು ರಸೀದಿಯಲ್ಲಿ, ಏಳು ದಿನಗಳೊಳಗೆ ದೋಷ ಕಂಡರೆ ಹಣವನ್ನು ಮರಳಿಸತಕ್ಕದ್ದೆಂದು ಬರೆದುಕೊಟ್ಟೆವು. “ಏಳೇ ದಿನ ಏಕೆ ಸರ್?” ಎಂದು ಕೇಳಿದಳು. ಲೋಹವೆಂದು ಎಣಿಸಿದರೆ ಒಂದೇ ದಿನ ಸಿಗುತ್ತಿತ್ತು, ರತ್ನವೆಂದು ಎಣಿಸಿದ್ದೇವೆ ಎಂದು ಯಾಜ್ಞವಲ್ಕ್ಯರ ಲೆಕ್ಕವನ್ನು ತಿಳಿಸಲು, ಮನೆಯವರೆಲ್ಲ ನಕ್ಕರು.

ಎರಡು ದಿನಗಳ ತರುವಾಯ ಗಣಕಯಂತ್ರದ ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ಒಬ್ಬರೇ ಯಲ್ಲಾಪುರಕ್ಕೆ ಹೊರಟೆವು. ಭೈರುಂಬೆಯ ಕಡೆಯಲ್ಲಿ ಶಾಲ್ಮಲಾ ನದಿಯ ಸಹಸ್ರಲಿಂಗವು ನೆನಪಾಯಿತು. ಸೋಂದೆಯ ಅರಸರ ಕಾಲದಲ್ಲಿ ನದಿಯ ಬಂಡೆಗಳಲ್ಲಿ ಕೆತ್ತಿದ ಲಿಂಗಗಳು ಶತಮಾನಗಳ ಮಳೆಗಾಲವನ್ನು ಕಂಡೂ ಅಳಿಯದೆ ನಿಂತಿವೆ. ನಮ್ಮ ಮಡಿಲಲ್ಲಿದ್ದ ಪಟ್ಟಿಯು ವಿದ್ಯುತ್ತು ತಪ್ಪಿದೊಡನೆ ಎಲ್ಲವನ್ನೂ ಮರೆಯುವಂಥದು. ಮಂಚೀಕೇರಿಯ ಸೀಮೆಯಲ್ಲಿ ಬೇಡ್ತಿಯನ್ನು ದಾಟಿ, ಹುಬ್ಬಳ್ಳಿ–ಅಂಕೋಲೆಯ ಹೆದ್ದಾರಿಯಲ್ಲಿರುವ ಯಲ್ಲಾಪುರವನ್ನು ಸೇರಿದೆವು. ಲಾರಿಗಳ ಸಂಚಾರವು ಎಡೆಬಿಡದ ಊರು. ಹುಬ್ಬಳ್ಳಿಯಿಂದ ಸಾಮಾನು ಬೇಗನೆ ಬರುವುದೆಂದೇ ಶಿಷ್ಯನು ಇಲ್ಲಿ ಅಂಗಡಿಯನ್ನು ಹೂಡಿದ್ದಾನೆ.

ಅವನು ದೋಷದ ಪಟ್ಟಿಯನ್ನು ನೋಡಿ, ಮೇಜಿನಿಂದ ಪೆನ್ಸಿಲು ಅಳಿಸುವ ರಬ್ಬರನ್ನು ತೆಗೆದು ಚಿನ್ನದ ಹಲ್ಲುಗಳನ್ನು ಮೆಲ್ಲನೆ ಉಜ್ಜಿದನು. ಎಷ್ಟೋ ಸಲ ಹಲ್ಲುಗಳಿಗೆ ಹಿಡಿದ ಕೊಳೆಯೇ ತಪ್ಪಿಗೆ ಕಾರಣವಾಗಿರುತ್ತದಂತೆ. ಪುನಃ ಪರೀಕ್ಷಿಸಿದರೆ ಅದೇ ಸ್ಥಳದಲ್ಲಿ ಅದೇ ತಪ್ಪು. ರೋಗವು ಚಿಪ್ಪಿನೊಳಗೇ ಇತ್ತು. ಅವನು ಸ್ವರವನ್ನು ತಗ್ಗಿಸಿ, “ಸಾವಿರದ ಐದುನೂರಕ್ಕೆ ನನಗೇ ಬಿಡಿ ಸರ್. ಯಾವುದಾದರೂ ಯಂತ್ರಕ್ಕೆ ಹಾಕಿಬಿಡುತ್ತೇನೆ, ತಿಂಗಳುಗಟ್ಟಲೆ ನಡೆಯುತ್ತದೆ” ಎಂದನು. ನಾವು ಅವನನ್ನು ಗದರಿಸಲಿಲ್ಲ. ಗದರಿಸುವ ಅಧಿಕಾರವನ್ನು ಮೂರು ರಾತ್ರಿಗಳ ಹಿಂದೆಯೇ ಕಳೆದುಕೊಂಡಿದ್ದೆವು. “ತಮ್ಮಾ, ಇದೇ ವಿಚಾರ ನಮಗೂ ಬಂದಿತ್ತು” ಎಂದು ಸಿದ್ದಾಪುರದ ಸಂಗತಿಯನ್ನು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಟ್ಟಿಯನ್ನು ಕಾಗದದಲ್ಲಿ ಸುತ್ತಿ, ನಾವು ಬರೆದ ಚೀಟಿಯು ಮೇಲೆ ಕಾಣುವಂತೆ ನಮ್ಮ ಕೈಗೆ ಮರಳಿಸಿದನು. ಹಳೆಯ ಬೋರ್ಡು, ಪ್ರೊಸೆಸರುಗಳಿಗೆ ಮಾತಿನಂತೆ ಆರೂವರೆ ಸಾವಿರವನ್ನು ಹಿಡಿದನು. ಮೂರು ಸಾವಿರ ಕಡಮೆ ಬಿದ್ದಿತು. ಮುಂದಿನ ತಿಂಗಳಲ್ಲಿ ಕೊಡಿ ಎಂದು ಅವನು ಹೇಳಿದರೂ ನಮಗೆ ಒಪ್ಪಿಗೆಯಾಗಲಿಲ್ಲ. ಆಗ ಜಮಖಾನದ ಗಂಟಿನಲ್ಲಿ ಗೃಹಿಣಿಯು ಕಟ್ಟಿಟ್ಟಿದ್ದ ಸಣ್ಣ ಪೊಟ್ಟಣವು ಕೈಗೆ ಸಿಕ್ಕಿತು. ಒಳಗೆ ಜಾತ್ರೆಗೆಂದು ಕೂಡಿಟ್ಟ ಮೂರು ಸಾವಿರ ರೂಪಾಯಿ! ಹೊರಡುವಾಗ ಆಕೆ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಹೊಸ ಜೀವ ಪಡೆದ ಯಂತ್ರದೊಡನೆ ಮರಳಿದೆವು. ಮರುದಿನ ಮಕ್ಕಳು ಸ್ವರ್ಗವರ್ಗದ ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ಏಳನೆಯ ದಿನ ಸಿದ್ದಾಪುರದ ಹುಡುಗಿಯ ಕರೆ ಬಂದಿತು. ನಮಗೆ ಎದೆ ಢವಗುಟ್ಟಿತು. “ಪಟ್ಟಿ ಚೆನ್ನಾಗಿದೆ ಸರ್. ಆ ಕೆಟ್ಟ ಪಟ್ಟಿಯನ್ನು ಏನು ಮಾಡಿದಿರಿ?” ಎಂದು ಕೇಳಿದಳು. ಮೇಜಿನ ಖಾನೆಯಲ್ಲಿದೆ, ವಿದ್ಯುನ್ಮಾನ ಕಸವನ್ನು ಸಂಗ್ರಹಿಸುವವರಿಗೆ ಕೊಡಬೇಕು ಎಂದೆವು. “ಕೊಡಬೇಡಿ. ನಮ್ಮ ಕಾಲೇಜಿನ ಮೇಡಂ ಹೇಳಿದರು, ಲಿನಕ್ಸಿನಲ್ಲಿ ಕೆಟ್ಟ ಸ್ಥಳದ ವಿಳಾಸವನ್ನು ಮೊದಲೇ ತಿಳಿಸಿದರೆ ಅದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬಳಸುತ್ತದಂತೆ. ಕಲಿಯುವುದಕ್ಕೆ ನನಗೆ ಬೇಕು” ಎಂದಳು. ಆರು ಸಾವಿರದ ಎಂಟುನೂರು ಕೋಟಿಗೂ ಮಿಕ್ಕ ಕೋಣೆಗಳಲ್ಲಿ ಕೆಟ್ಟವು ಕೆಲವೇ. ಅವು ಎಲ್ಲಿವೆಯೆಂದು ಯಂತ್ರಕ್ಕೆ ಹೇಳಿದರೆ ಸಾಕು, ಹೇಳದಿದ್ದರೆ ಎಲ್ಲವೂ ಅನುಮಾನ.

ಪಟ್ಟಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸಿದೆವು. ಅವಳು ತನ್ನ ಯಂತ್ರದಲ್ಲಿ ಅದನ್ನು ಪುನಃ ಪರೀಕ್ಷಿಸಿ, ಕೆಟ್ಟ ಸ್ಥಳವನ್ನು ಗುರುತಿಸಿ, ಅದಕ್ಕೆ ಬೇಲಿ ಹಾಕಿ ನಡೆಸುತ್ತಿದ್ದಾಳೆ. ಬೇಡವೆಂದರೂ ಕೇಳದೆ ಐದುನೂರು ರೂಪಾಯಿಗಳನ್ನು ಕಳುಹಿಸಿದಳು. ಜಾತ್ರೆಯಲ್ಲಿ ಆ ಹಣಕ್ಕೆ ಗೃಹಿಣಿಯು ಎರಡು ಡಜನು ಹಸುರು ಬಳೆಗಳನ್ನು ತೊಟ್ಟುಕೊಂಡು, ಉಳಿದುದರಲ್ಲಿ ನಮ್ಮ ಮಕ್ಕಳಿಗೆಲ್ಲ ಬೆಂಡು-ಬತ್ತಾಸನ್ನು ತಂದಳು.